ಊರಿಗೆ ಮರಳಿದವರ ಖಾತೆ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೊಂದು ದೇಶದವನು ಎಂಬುದು ಶಬ್ದದಿಂದ ನೇರವಾಗಿ ಹೊರಡುವ ಅರ್ಥ. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಜನರ ಬಾಯಲ್ಲಿ ನೆಲೆಗೊಂಡ ಅರ್ಥ. ಊರು ಬಿಟ್ಟವನಿಗೆ ಆಸರೆ ತಪ್ಪುತ್ತದೆ ಎಂಬ ಹಿಂದಿನವರ ತಿಳಿವಳಿಕೆ ಈ ಒಂದು ಮಾತಿನಲ್ಲಿ ಅಡಗಿ ಕುಳಿತಿದೆ. ಈಗಿನ ಕಾನೂನು ಬಳಸುವ ಶಬ್ದ ‘ಅನಿವಾಸಿ’. ಅದರಲ್ಲಿ ಕನಿಕರವೂ ಇಲ್ಲ, ತಾತ್ಸಾರವೂ ಇಲ್ಲ. ಇಲ್ಲಿ ವಾಸವಾಗಿಲ್ಲದವನು, ಅಷ್ಟೆ. ಆದರೆ ಹೀಗೆ ಅನಿವಾಸಿಯಾಗಿದ್ದವನು ಒಂದು ದಿನ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದನೆನ್ನಿ. ಯಾವ ಗಳಿಗೆಯಿಂದ ಅವನು ಮತ್ತೆ ನಿವಾಸಿ? ವಿಮಾನದಿಂದ ಇಳಿದ ಗಳಿಗೆಯಿಂದಲೋ, ಮನೆಯ ಹೊಸಿಲು ದಾಟಿದಲ್ಲಿಂದಲೋ, ಮರಳಿ ಹೋಗುವ ಆಸೆ ಮನಸ್ಸಿನಿಂದ ಅಳಿದಂದಿನಿಂದಲೋ? ಇಂಥ ಪ್ರಶ್ನೆ ಕವಿಗಳಿಗೆ ಸೇರಿದ್ದೆಂದು ನಾವು ತಿಳಿದಿದ್ದೇವೆ. ಇಂದು ಅದನ್ನು ಎಲ್ಲರಿಗಿಂತ ಖಚಿತವಾಗಿ ಕೇಳುವ ಸ್ಥಳ ಬ್ಯಾಂಕು.

ಕನ್ನಡ ಪಾಠ ಹೇಳಿಕೊಂಡು ಆಯುಷ್ಯ ಕಳೆದ ನನಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನ ತಮ್ಮ 22 ವರ್ಷ ಮಸ್ಕತ್ತಿನಲ್ಲಿ ದುಡಿದು 2024ರಲ್ಲಿ ಉಡುಪಿಗೆ ಮರಳಿದ. ಅವನ ಜೊತೆಗೆ ಒಂದೆರಡು ಬ್ಯಾಂಕುಗಳ ಮೆಟ್ಟಿಲು ಹತ್ತಿದವನು ನಾನು. ಹಳಗನ್ನಡ ಕಾವ್ಯಕ್ಕೆ ಟಿಪ್ಪಣಿ ಬರೆದ ಅಭ್ಯಾಸವಿದ್ದುದರಿಂದ ರಿಸರ್ವ್ ಬ್ಯಾಂಕಿನ ಸುತ್ತೋಲೆಗಳನ್ನೂ ಅದೇ ತಾಳ್ಮೆಯಿಂದ ಓದಿದೆ. ಓದುತ್ತ ಹೋದಂತೆ, ಒಣ ನಿಯಮಗಳೆಂದು ನಾವು ಬದಿಗೆ ಸರಿಸುವ ಆ ಮಾತುಗಳ ಒಳಗೆ ಮನುಷ್ಯನ ಮನಸ್ಸನ್ನು ಕುರಿತ ಒಂದು ತಿಳಿವು ಇದೆ ಎನಿಸಿತು. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ನಿವಾಸಿ ಯಾರು ಎಂಬುದನ್ನು ನಮ್ಮ ದೇಶದಲ್ಲಿ ಎರಡು ಕಾನೂನುಗಳು ಎರಡು ಬಗೆಯಾಗಿ ನಿರ್ಣಯಿಸುತ್ತವೆ. ಆದಾಯ ತೆರಿಗೆಯ ಕಾನೂನು ಲೆಕ್ಕಿಗನಂತೆ ದಿನಗಳನ್ನು ಎಣಿಸುತ್ತದೆ. ವರ್ಷದಲ್ಲಿ 182 ದಿನ ಇಲ್ಲಿದ್ದೆಯೋ ಇಲ್ಲವೋ, ಹಿಂದಿನ ವರ್ಷಗಳಲ್ಲಿ ಒಟ್ಟು ಎಷ್ಟು ದಿನ ಇದ್ದೆ ಎಂದು ಅದರ ವಿಚಾರಣೆ. ಬಹುಕಾಲ ಹೊರಗಿದ್ದು ಮರಳಿದವನನ್ನು ಅದು ಕೆಲಕಾಲ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ವಿಚಿತ್ರ ಹೆಸರಿನಿಂದ ಕರೆದು, ಹೊರದೇಶದ ಆದಾಯದ ಮೇಲಿನ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ತೋರಿಸುತ್ತದೆ. ಇನ್ನೊಂದು ಕಾನೂನು ವಿದೇಶೀ ವಿನಿಮಯಕ್ಕೆ ಸಂಬಂಧಿಸಿದ್ದು. 1973ರ ಬಿಗಿಯಾದ ಕಾಯಿದೆಯ ಸ್ಥಾನದಲ್ಲಿ 1999ರಲ್ಲಿ ಅಂಗೀಕಾರವಾಗಿ 2000ದ ಜೂನ್ 1ರಿಂದ ಜಾರಿಗೆ ಬಂದ ಈ ಕಾಯಿದೆಯೇ ಬ್ಯಾಂಕು ಖಾತೆಗಳನ್ನು ಆಳುವುದು. ಇದೂ ದಿನ ಎಣಿಸುತ್ತದೆ, ನಿಜ. ಆದರೆ ಅಲ್ಲಿಗೇ ನಿಲ್ಲದೆ, ಬಂದವನು ಏತಕ್ಕಾಗಿ ಬಂದ ಎಂದು ವಿಚಾರಿಸುತ್ತದೆ. ಉದ್ಯೋಗಕ್ಕೆಂದೋ, ವ್ಯಾಪಾರಕ್ಕೆಂದೋ, ಅಥವಾ ಇಷ್ಟೇ ಕಾಲವೆಂದು ಗೊತ್ತುಮಾಡದೆ ಇಲ್ಲಿ ಉಳಿಯುವ ಉದ್ದೇಶದಿಂದಲೋ ಬಂದಿದ್ದರೆ, ಖಾತೆಗಳ ಮಟ್ಟಿಗೆ ಅವನು ಬಂದಾಗಿನಿಂದಲೇ ನಿವಾಸಿ. ರಜೆಗೆ ಬಂದವನು ಎರಡು ತಿಂಗಳು ಇದ್ದರೂ ಅನಿವಾಸಿಯೇ; ನೆಲೆಸಲು ಬಂದವನು ಎರಡೇ ದಿನ ಕಳೆದಿದ್ದರೂ ನಿವಾಸಿ. ಇಬ್ಬರನ್ನೂ ಬೇರೆ ಮಾಡುವುದು ಉದ್ದೇಶ. ಮೊದಲ ಕಾನೂನಿಗೆ ಪಂಚಾಂಗ ಸಾಕು. ಎರಡನೆಯದಕ್ಕೆ ನಮ್ಮ ಮಾತು ಬೇಕು.

ಬ್ಯಾಂಕಿನ ಶಾಖೆಯೊಂದರಲ್ಲಿ ಚಿಕ್ಕ ವಯಸ್ಸಿನ ಅಧಿಕಾರಿಣಿಯೊಬ್ಬರು ತಮ್ಮನ ಕಾಗದಪತ್ರಗಳನ್ನು ನೋಡಿ, “ಸರ್, ಪುನಃ ಹೋಗುವ ಆಲೋಚನೆ ಉಂಟಾ?” ಎಂದು ಕೇಳಿದರು. ತಮ್ಮ ಉತ್ತರ ಕೊಡದೆ ನನ್ನ ಮುಖ ನೋಡಿದ. “ಅದನ್ನು ಈಗಲೇ ಹೇಳ್ಲಿಕ್ಕೆ ಹೇಗಾಗ್ತದೆ ಅಣ್ಣ?” ಎಂದ. 22 ವರ್ಷವೂ ಊರಿಗೆ ಬಂದೇ ಬರುತ್ತೇನೆ ಎಂದು ಹೇಳುತ್ತಿದ್ದವನು ಅವನೇ. ಬಂದ ಮೇಲೆ, ಬಂದೆ ಎಂದು ಬರೆದುಕೊಡಲು ಕೈ ಹಿಂಜರಿಯಿತು. ಇದು ಅವನೊಬ್ಬನ ದೌರ್ಬಲ್ಯವಲ್ಲ. ಕೊಲ್ಲಿಯಿಂದ ಮರಳಿದ ಎಷ್ಟೋ ಮಂದಿಯಲ್ಲಿ ನಾನು ಇದನ್ನು ಕಂಡಿದ್ದೇನೆ. ಇಲ್ಲಿ ಏನೂ ಕೈಹಿಡಿಯದಿದ್ದರೆ ಇನ್ನೊಮ್ಮೆ ಹೋಗುವ ದಾರಿ ತೆರೆದಿರಲಿ ಎಂಬ ಯೋಚನೆ. ಹಳೆಯ ಖಾತೆ ಮುಚ್ಚಿದರೆ ಆ ದಾರಿಯೂ ಮುಚ್ಚುತ್ತದೆ ಎಂಬ ಅಂಜಿಕೆ. ಈ ಅಂಜಿಕೆಗೆ ಆಧಾರವಿದೆಯೇ ಎಂಬುದನ್ನು ತಿಳಿಯಬೇಕಾದರೆ ಖಾತೆಗಳ ಬಗೆಗಳನ್ನು ತಿಳಿಯಬೇಕು.

ಅನಿವಾಸಿಗಳಿಗೆ ಮುಖ್ಯವಾಗಿ ಮೂರು ಬಗೆಯ ಖಾತೆಗಳಿವೆ. ಎನ್.ಆರ್.ಇ. ಎಂಬುದು ಹೊರದೇಶದ ಸಂಪಾದನೆಯನ್ನು ರೂಪಾಯಿಯಾಗಿ ಇಡುವ ಖಾತೆ. ಅಸಲನ್ನೂ ಬಡ್ಡಿಯನ್ನೂ ಮತ್ತೆ ಹೊರಗೆ ಒಯ್ಯುವುದಕ್ಕೆ ತಡೆಯಿಲ್ಲ. ಎನ್.ಆರ್.ಓ. ಎಂಬುದು ಊರಿನ ಆದಾಯಕ್ಕೆ, ಅಂದರೆ ಮನೆ ಬಾಡಿಗೆ, ಪಿಂಚಣಿ ಮೊದಲಾದವಕ್ಕೆ. ಊರು ಬಿಡುವ ಮೊದಲು ತೆರೆದಿದ್ದ ಸಾಧಾರಣ ಉಳಿತಾಯ ಖಾತೆಯೂ, ಊರು ಬಿಟ್ಟ ಮೇಲೆ, ನಿಯಮದಂತೆ ಈ ಹೆಸರನ್ನು ತಾಳಬೇಕು. ಎಫ್.ಸಿ.ಎನ್.ಆರ್. ಎಂಬುದು ಡಾಲರು, ಪೌಂಡು ಮುಂತಾದ ಹೊರನಾಣ್ಯದಲ್ಲೇ ಇಡುವ ಅವಧಿ ಠೇವಣಿ. ಠೇವಣಿ ಎಂಬ ಶಬ್ದ ಇಡು ಎಂಬರ್ಥದ ಮರಾಠಿ ಕ್ರಿಯಾಪದದಿಂದ ನಮಗೆ ಬಂದದ್ದು. ಪರಸ್ಥಳದಿಂದ ಬಂದು ಇಲ್ಲಿಯದೇ ಆಗಿ ನೆಲೆಸಿದ ಶಬ್ದ. ನಮ್ಮ ಪ್ರಸಂಗಕ್ಕೆ ಇದಕ್ಕಿಂತ ತಕ್ಕ ಉದಾಹರಣೆ ಬೇಡ.

ಮರಳಿ ನೆಲೆಸಿದವನು ಏನು ಮಾಡಬೇಕು? ಎನ್.ಆರ್.ಓ. ಖಾತೆ ನಿವಾಸಿ ಖಾತೆಯಾಗಿ ಹೆಸರು ಬದಲಾಯಿಸಿಕೊಳ್ಳುತ್ತದೆ. ಎನ್.ಆರ್.ಇ. ಖಾತೆಯನ್ನು ಕೂಡಲೇ ನಿವಾಸಿ ಖಾತೆಯಾಗಿ ಮಾರ್ಪಡಿಸಬೇಕು, ಇಲ್ಲವೇ ಅದರಲ್ಲಿರುವ ಹಣವನ್ನು ಆರ್.ಎಫ್.ಸಿ. ಎಂಬ ಇನ್ನೊಂದು ಖಾತೆಗೆ ವರ್ಗಾಯಿಸಬೇಕು. ಎಫ್.ಸಿ.ಎನ್.ಆರ್. ಠೇವಣಿಯನ್ನು ಒಡೆಯಬೇಕಾಗಿಲ್ಲ; ಒಪ್ಪಿದ ಬಡ್ಡಿಯ ದರದಲ್ಲೇ ಅವಧಿ ಮುಗಿಯುವವರೆಗೆ ಮುಂದುವರಿಯಬಹುದು.

ಈ ಆರ್.ಎಫ್.ಸಿ. ಖಾತೆಯ ವಿಷಯವನ್ನು ತಿಳಿದವರು ಕಡಿಮೆ, ಅದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಊರಿಗೆ ಮರಳಿದ ನಿವಾಸಿಗೆಂದೇ ಇರುವ ವಿದೇಶೀ ನಾಣ್ಯದ ಖಾತೆ. ಹಣ ರೂಪಾಯಿಗೆ ಪರಿವರ್ತನೆಯಾಗದೆ ಹೊರನಾಣ್ಯದಲ್ಲೇ ಉಳಿಯುತ್ತದೆ. ಅದನ್ನು ಹೊರದೇಶದಲ್ಲಿ ವಿನಿಯೋಗಿಸಲು ನಿರ್ಬಂಧವಿಲ್ಲ. ಮಗಳ ಓದಿಗೆ ಕಳಿಸಬಹುದು. ಹೊರದೇಶದ ಪಿಂಚಣಿಯನ್ನೂ, ಅಲ್ಲಿಯ ಧಣಿಗಳು ಸೇವೆ ಮುಗಿದಾಗ ಕೊಡುವ ಮೊತ್ತವನ್ನೂ ಇದಕ್ಕೆ ತುಂಬಬಹುದು. ಕೊಲ್ಲಿಯಿಂದ ಬಂದವರಿಗೆ ಇದು ದೊಡ್ಡ ಅನುಕೂಲ, ಏಕೆಂದರೆ ಆ ಸೇವಾಂತ್ಯದ ಹಣ ಎಷ್ಟೋ ಸಲ ಮನುಷ್ಯ ಊರು ಮುಟ್ಟಿದ ಮೇಲೆ ಬರುತ್ತದೆ. ಮುಖ್ಯವಾದ ಮಾತು ಇನ್ನೊಂದು: ಇವನು ಮುಂದೆ ಮತ್ತೆ ಉದ್ಯೋಗಕ್ಕೆ ಹೊರದೇಶಕ್ಕೆ ಹೊರಟರೆ, ಆರ್.ಎಫ್.ಸಿ. ಖಾತೆಯಲ್ಲಿರುವ ಹಣವನ್ನು ಮರಳಿ ಅನಿವಾಸಿ ಖಾತೆಗೆ ಹಾಕಿಕೊಳ್ಳಬಹುದು. ಹೊರಗಿದ್ದಾಗ ಸಂಪಾದಿಸಿದ ಆಸ್ತಿಪಾಸ್ತಿಯನ್ನು, ನಿವಾಸಿಯಾದ ಮೇಲೂ ಹಾಗೆಯೇ ಇಟ್ಟುಕೊಳ್ಳಲು ಕಾಯಿದೆಯಲ್ಲೇ ಅನುಮತಿಯಿದೆ. ಅಂದಮೇಲೆ, ಬಂದಿದ್ದೇನೆ ಎಂದು ಹೇಳುವುದರಿಂದ ಮತ್ತೆ ಹೋಗುವ ಬಾಗಿಲು ಮುಚ್ಚುವುದಿಲ್ಲ. ‘ಗೊತ್ತುಮಾಡದ ಕಾಲ’ ಎಂಬುದು ಕಾಯಿದೆಯ ಮಾತು. ‘ಎಂದೆಂದಿಗೂ’ ಎಂದು ಅದು ಎಲ್ಲಿಯೂ ಕೇಳಿಲ್ಲ. ಈ ವ್ಯತ್ಯಾಸವನ್ನು ಅಧಿಕಾರಿಣಿ ವಿವರಿಸಿದ ಮೇಲೆ ತಮ್ಮ ರುಜು ಹಾಕಿದ.

ಹಾಗೆ ಹೇಳದೆ ಸುಮ್ಮನಿದ್ದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಎನ್.ಆರ್.ಇ. ಖಾತೆಯ ಬಡ್ಡಿಗೆ ತೆರಿಗೆಯ ವಿನಾಯಿತಿ ಇರುವುದು ವಿನಿಮಯದ ಕಾಯಿದೆಯ ದೃಷ್ಟಿಯಲ್ಲಿ ಅನಿವಾಸಿಯಾಗಿರುವವನಿಗೆ. ಮರಳಿ ನೆಲೆಸಿದಂದೇ ಆ ಆಧಾರ ಕಳಚಿತು. ಖಾತೆಯ ಹೆಸರು ಹಾಗೆಯೇ ಉಳಿದಿದ್ದರೂ ವಿನಾಯಿತಿ ಉಳಿಯುವುದಿಲ್ಲ. ಆಮೇಲೆ ವರ್ಷಗಳ ಬಡ್ಡಿಗೆ ಲೆಕ್ಕ ಒಪ್ಪಿಸಬೇಕಾಗಿ ಬಂದಾಗ, ಅಪರಾಧ ಮಾಡಿದ ಭಾವನೆಯಿಲ್ಲದವನೂ ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾಗುತ್ತದೆ.

ಇನ್ನು ವಿಳಾಸದ ಮಾತು. ಪಂಪನ ಅರ್ಜುನ ಬನವಾಸಿಯನ್ನು ನೆನೆದಾಗ ಅವನನ್ನು ಯಾರೂ ವಿಳಾಸದ ಪುರಾವೆ ಕೇಳಲಿಲ್ಲ. ನಮ್ಮ ಕಾಲದ ಪ್ರವಾಸಿಗೆ ಆ ಭಾಗ್ಯವಿಲ್ಲ. ಹಣದ ಅಕ್ರಮ ಸಾಗಣೆಯನ್ನು ತಡೆಯಲು 2002ರಲ್ಲಿ ಆದ ಕಾಯಿದೆಯ ಪ್ರಕಾರ ಪ್ರತಿಯೊಂದು ಬ್ಯಾಂಕೂ ತನ್ನ ಗಿರಾಕಿ ಯಾರು, ಎಲ್ಲಿರುವವನು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಒಪ್ಪಿತವಾದ ದಾಖಲೆಗಳು ಮುಖ್ಯವಾಗಿ ಪಾಸ್‌ಪೋರ್ಟು, ವಾಹನ ಚಾಲನೆಯ ಪರವಾನಗಿ, ಮತದಾರರ ಗುರುತಿನ ಚೀಟಿ, ಆಧಾರ್, ಉದ್ಯೋಗ ಖಾತರಿಯ ಚೀಟಿ. ಪ್ಯಾನ್ ಸಂಖ್ಯೆ ಬೇರೆಯಾಗಿ ಬೇಕು. ತಮ್ಮನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿದ್ದುದು ನಮ್ಮ ಹಿರಿಯರ ಮನೆಯ ವಿಳಾಸ. ಅಮ್ಮ ತೀರಿಕೊಂಡ ಮೇಲೆ ಆ ಮನೆ ಪಾಲಾಗಿ, ಮಾರಾಟವಾಗಿ, ಕೆಡವಲ್ಪಟ್ಟು ಕೆಲವು ವರ್ಷಗಳೇ ಆಗಿವೆ. ಅವನ ಹೆಂಡತಿ ಮಕ್ಕಳು ಇರುವುದು ಪೇಟೆಯ ಬಾಡಿಗೆ ಮನೆಯಲ್ಲಿ. ವಿದ್ಯುತ್ತಿನ ಬಿಲ್ಲು ಬರುವುದು ಮನೆಯ ಯಜಮಾನರ ಹೆಸರಿಗೆ. ಹೀಗೆ ಇಲ್ಲದ ಮನೆಗೆ ಪುರಾವೆಯಿತ್ತು, ಇರುವ ಮನೆಗೆ ಇರಲಿಲ್ಲ.

ನಮ್ಮ ಭಾಷೆಯಲ್ಲಿ ಬ್ಯಾಂಕಿನ ಲೆಕ್ಕಕ್ಕೂ ಖಾತೆ ಎನ್ನುತ್ತೇವೆ, ನಿವೇಶನ ಮನೆಗಳು ನಗರಸಭೆಯ ಪುಸ್ತಕದಲ್ಲಿ ನಮ್ಮ ಹೆಸರಿಗೆ ಇರುವುದಕ್ಕೂ ಖಾತೆ ಎನ್ನುತ್ತೇವೆ. ಮರಳಿದವನಿಗೆ ಈ ಎರಡನೆಯ ಖಾತೆ ಇದ್ದರೆ ಮೊದಲನೆಯದು ಸುಲಭ, ಏಕೆಂದರೆ ಮನೆ ತೆರಿಗೆಯ ರಸೀದಿಯನ್ನು ಬ್ಯಾಂಕು ಒಪ್ಪುತ್ತದೆ. ಇಲ್ಲದಿದ್ದವನು ಹತಾಶನಾಗಬೇಕಾಗಿಲ್ಲ. ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ತು, ನೀರು, ದೂರವಾಣಿ ಅಥವಾ ಅಡುಗೆ ಅನಿಲದ ಬಿಲ್ಲನ್ನು ಸದ್ಯದ ವಿಳಾಸಕ್ಕೆ ತಾತ್ಕಾಲಿಕ ಪುರಾವೆಯಾಗಿ ಕೊಡಬಹುದು. ಮೂರು ತಿಂಗಳೊಳಗೆ ತಿದ್ದಿದ ಮುಖ್ಯ ದಾಖಲೆಯನ್ನು ಒಪ್ಪಿಸಬೇಕು. ಆಧಾರ್ ಮೂಲಕ ಗುರುತನ್ನು ಖಚಿತಪಡಿಸಿದವನು, ಅದರಲ್ಲಿರುವ ವಿಳಾಸ ಹಳೆಯದಾಗಿದ್ದರೆ, ಸದ್ಯದ ವಿಳಾಸ ಇಂಥದು ಎಂದು ಸ್ವಂತ ಹೇಳಿಕೆ ಬರೆದುಕೊಡಬಹುದು. ನೋಂದಣಿಯಾದ ಬಾಡಿಗೆ ಕರಾರನ್ನು ತೋರಿಸಿ ಆಧಾರ್ ಚೀಟಿಯ ವಿಳಾಸವನ್ನೇ ತಿದ್ದಿಸಿಕೊಳ್ಳಬಹುದು. ಆಧಾರ್ ಇಲ್ಲದೆ ಬಂದವರು, ಭಾರತದ ಪಾಸ್‌ಪೋರ್ಟು ಉಳ್ಳವರಾದರೆ, ಬಂದಕೂಡಲೇ ಅರ್ಜಿ ಹಾಕಬಹುದು. 182 ದಿನ ಕಾಯಬೇಕೆಂಬ ಷರತ್ತು 2019ರಲ್ಲಿ ಅವರಿಗೆ ಸಡಿಲವಾಯಿತು. ಬೇರೆ ದೇಶದ ಪೌರತ್ವ ಪಡೆದವರಿಗೆ ಆ ಕಾಯುವಿಕೆ ತಪ್ಪದು. ಆದರೆ ಅಂಥವರೂ ಇಲ್ಲಿ ನೆಲೆಸಲು ಬಂದಿದ್ದರೆ ನಿವಾಸಿ ಖಾತೆ ತೆರೆಯಬಹುದು, ಏಕೆಂದರೆ ವಿನಿಮಯದ ಕಾಯಿದೆ ನೋಡುವುದು ವಾಸವನ್ನು, ಪೌರತ್ವವನ್ನಲ್ಲ.

ವಿಳಾಸ ಸಿಕ್ಕಿತು, ಆದರೆ ಬ್ಯಾಂಕೇ ಸಿಗಲಿಲ್ಲ ಎಂಬ ಅನುಭವವೂ ನಮ್ಮ ನಾಡಿನವರಿಗೆ ಉಂಟು. ಬ್ಯಾಂಕುಗಳ ತವರು ಎಂದು ಹೆಸರಾದ ಕರಾವಳಿ ನಮ್ಮದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಕಾರ್ಪೊರೇಷನ್ ಬ್ಯಾಂಕಿಗೂ ಅಡಿಪಾಯ ಹಾಕಿದರು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆ ಮನೆಯಿಂದ ಹಣ ಕೂಡಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಇಲ್ಲಿಯ ಜನ ಪಿಗ್ಮಿ ಎಂಬುದನ್ನು ಕನ್ನಡದ ಶಬ್ದವೆಂದೇ ತಿಳಿದಿದ್ದಾರೆ. 1931ರಲ್ಲಿ ವಿಜಯಾ ಬ್ಯಾಂಕು ಬಂತು. ಮೈಸೂರು ಸೀಮೆಯಲ್ಲಿ 1913ರಿಂದಲೇ ಮೈಸೂರು ಬ್ಯಾಂಕು ಇತ್ತು. ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ 2019ರ ಅದೇ ದಿನ ಬರೋಡಾ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ 2020ರ ಅದೇ ದಿನ ಕೆನರಾದಲ್ಲಿಯೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಇಪ್ಪತ್ತು ವರ್ಷದ ಹಿಂದಿನ ಪಾಸ್ ಪುಸ್ತಕ ಹಿಡಿದು ಬಂದವನಿಗೆ, ಹೊದಿಕೆಯ ಮೇಲಿನ ಹೆಸರಿನ ಫಲಕ ಪೇಟೆಯಲ್ಲಿ ಎಲ್ಲಿಯೂ ಕಾಣದೆ ಹೋದರೆ ಆಶ್ಚರ್ಯವಿಲ್ಲ.

ಆದರೂ ಹಣ ಹೋಗಿಲ್ಲ. ಲೀನವಾದ ಬ್ಯಾಂಕಿನ ಖಾತೆಗಳನ್ನೆಲ್ಲ ಲೀನಮಾಡಿಕೊಂಡ ಬ್ಯಾಂಕು ವಹಿಸಿಕೊಂಡಿದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರ ನಡೆಯದ ಖಾತೆಯನ್ನು ನಿಷ್ಕ್ರಿಯವೆಂದು ಬರೆದಿಡುತ್ತಾರೆ. ಗುರುತಿನ ದಾಖಲೆ ಹೊಸದಾಗಿ ಕೊಟ್ಟರೆ ಶುಲ್ಕವಿಲ್ಲದೆ ಅದು ಮತ್ತೆ ಜೀವ ತಳೆಯುತ್ತದೆ. ಉಳಿತಾಯ ಖಾತೆಯಾದರೆ ನಿದ್ರಿಸುತ್ತಿದ್ದ ಕಾಲಕ್ಕೂ ಬಡ್ಡಿ ಉಂಟು. ಹತ್ತು ವರ್ಷ ಕೇಳುವವರಿಲ್ಲದ ಮೊತ್ತ, 2014ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿದ ನಿಧಿಗೆ ಹೋಗಿ ಸೇರುತ್ತದೆ. ಅಲ್ಲಿಂದಲೂ ಬ್ಯಾಂಕಿನ ಮೂಲಕ ಪಡೆಯಬಹುದು. ಯಾವ ಬ್ಯಾಂಕಿನಲ್ಲಿ ಇತ್ತೆಂಬುದೇ ಮರೆತಿದ್ದರೆ, 2023ರಲ್ಲಿ ರಿಸರ್ವ್ ಬ್ಯಾಂಕು ಆರಂಭಿಸಿದ ‘ಉದ್ಗಮ್’ ಎಂಬ ಗಣಕಜಾಲದ ತಾಣದಲ್ಲಿ ಹುಡುಕಬಹುದು. ಬೇರೆ ಬೇರೆ ಬ್ಯಾಂಕುಗಳಲ್ಲಿ ಹಣವನ್ನು ಹಂಚಿಟ್ಟವರು ಒಂದು ಮಾತನ್ನು ಗಮನಿಸಬೇಕು. ಠೇವಣಿಯ ವಿಮೆ 2020ರ ಫೆಬ್ರವರಿ 4ರಂದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿತು. ಅಂದು ಎರಡು ಬ್ಯಾಂಕುಗಳಾಗಿದ್ದವು ಇಂದು ಒಂದಾಗಿದ್ದರೆ, ವಿಮೆಗೂ ಲೆಕ್ಕ ಒಂದೇ.

ಖಾತೆ ತೆರೆಯುವ ಅರ್ಜಿಯಲ್ಲಿ ಇನ್ನೊಂದು ಹಾಳೆ ಇರುತ್ತದೆ. ಬೇರೆ ಯಾವ ದೇಶದಲ್ಲಾದರೂ ನೀವು ತೆರಿಗೆಯ ದೃಷ್ಟಿಯಿಂದ ನಿವಾಸಿಯೇ ಎಂಬುದು ಅದರ ಪ್ರಶ್ನೆ. 2015ರ ಜುಲೈ 9ರಂದು ಭಾರತವೂ ಅಮೆರಿಕವೂ ಮಾಡಿಕೊಂಡ ಒಪ್ಪಂದದಂತೆ, ಮತ್ತು ಅದೇ ಬಗೆಯ ಅಂತರರಾಷ್ಟ್ರೀಯ ಏರ್ಪಾಡಿನಂತೆ, ಬ್ಯಾಂಕುಗಳು ಈ ವಿವರವನ್ನು ಕಲೆಹಾಕುತ್ತವೆ. ಅಮೆರಿಕದ ಪೌರರಾಗಿ ಅಲ್ಲಿಂದ ಮರಳಿದ ಕನ್ನಡಿಗರು ಇದನ್ನು ಹಗುರವಾಗಿ ಕಾಣಬಾರದು. ಅವರು ಎಲ್ಲಿ ನೆಲೆಸಿದ್ದರೂ ಆ ದೇಶಕ್ಕೆ ಆದಾಯದ ಲೆಕ್ಕ ಕೊಡಬೇಕು. ಹೊರಗಿನ ಖಾತೆಗಳ ಮೊತ್ತ ವರ್ಷದಲ್ಲಿ ಎಂದಾದರೂ ಹತ್ತು ಸಾವಿರ ಡಾಲರು ಮೀರಿದರೆ ಅದನ್ನೂ ತಿಳಿಸಬೇಕು. ಊರಿನ ಬ್ಯಾಂಕು ಅವರಿಗೆ ‘ಹೊರಗಿನ’ ಬ್ಯಾಂಕಾಗಿಬಿಡುವುದು ಇಲ್ಲಿಯ ಸೋಜಿಗ.

ಕೈಯಲ್ಲಿ ತಂದ ಹಣದ ವಿಷಯ ಚಿಕ್ಕದು. ಹೊರನಾಣ್ಯದ ನೋಟುಗಳು ಐದು ಸಾವಿರ ಡಾಲರಿನ ಬೆಲೆಯನ್ನು ಮೀರಿದ್ದರೆ ವಿಮಾನ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ಘೋಷಿಸಬೇಕು. ಬಂದ 180 ದಿನಗಳೊಳಗೆ ಎರಡು ಸಾವಿರ ಡಾಲರಿಗೆ ಮಿಕ್ಕಿದ ನೋಟುಗಳನ್ನು ಬ್ಯಾಂಕಿಗೆ ಒಪ್ಪಿಸಬೇಕು. ನಾಣ್ಯಗಳಿಗೆ ಮಾತ್ರ ಮಿತಿಯಿಲ್ಲ. ತಮ್ಮನ ಮೇಜಿನ ಮೇಲೆ ಒಂದು ಬಟ್ಟಲು ತುಂಬ ಒಮಾನಿನ ‘ಬೈಸಾ’ಗಳಿವೆ. ಸಾವಿರ ಬೈಸಾ ಸೇರಿದರೆ ಒಂದು ರಿಯಾಲು. ಬೈಸಾ ಎಂಬುದು ನಮ್ಮ ಪೈಸೆಯ ಸೋದರ ಶಬ್ದ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕೇ ಕೊಲ್ಲಿಯ ನಾಡುಗಳಿಗಾಗಿ ಬೇರೆ ರೂಪಾಯಿ ನೋಟು ಹೊರಡಿಸಿತ್ತು. ಒಮಾನಿನಲ್ಲಿ ಅದು 1970ರವರೆಗೂ ನಡೆಯಿತು. ನಮ್ಮವರು ದುಡಿಯಲು ಹೋಗುವ ಮೊದಲೇ ನಮ್ಮ ದುಡ್ಡು ಅಲ್ಲಿಗೆ ಹೋಗಿತ್ತು.

ಕೊನೆಗೆ, ಬಹಳ ಜನ ಗಮನಿಸದೆ ಬಿಡುವ ಒಂದು ಅಂಶ. ಅನಿವಾಸಿ ಖಾತೆಗೆ ಊರಿನಲ್ಲಿರುವ ಹತ್ತಿರದ ಬಂಧುವನ್ನು ಸೇರಿಸಿಕೊಳ್ಳಬಹುದು. ಆದರೆ ಅದು ‘ಮೊದಲನೆಯವರು, ಅವರಿಲ್ಲದಿದ್ದರೆ ಉಳಿದವರು’ ಎಂಬ ಕ್ರಮದಲ್ಲಿ. ಮೊದಲನೆಯವನು ಬದುಕಿರುವವರೆಗೆ ಎರಡನೆಯವರು ಅಧಿಕಾರಪತ್ರದ ಬಲದಿಂದ ವ್ಯವಹರಿಸಬಹುದೇ ಹೊರತು ತಮ್ಮ ಹಕ್ಕಿನಿಂದ ಅಲ್ಲ. ಕರಾವಳಿಯ ಸಾವಿರಾರು ಮನೆಗಳಲ್ಲಿ ಗಂಡ ಕಳಿಸಿದ ಹಣದಿಂದ ಸಂಸಾರವನ್ನು ನಡೆಸಿ, ಮಕ್ಕಳನ್ನು ಓದಿಸಿ, ಅತ್ತೆ ಮಾವಂದಿರ ಶುಶ್ರೂಷೆ ಮಾಡಿದ ಹೆಣ್ಣುಮಕ್ಕಳು ಆ ಖಾತೆಯಲ್ಲಿ ಎರಡನೆಯವರಾಗಿಯೇ ಉಳಿದರು. ಖಾತೆ ನಿವಾಸಿಯದಾದಾಗ ಅದನ್ನು ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಎಂದು ಬರೆಸಬಹುದು. ಇದಕ್ಕೆ ಖರ್ಚಿಲ್ಲ, ಕಷ್ಟವಿಲ್ಲ. ನೆನಪು ಮಾಡಿ ಕೇಳಬೇಕು, ಅಷ್ಟೆ. 22 ವರ್ಷದ ಮೇಲೆ ನನ್ನ ತಮ್ಮನ ಹೆಂಡತಿಯ ರುಜು ಅವಳ ಸ್ವಂತ ಹಕ್ಕಿನಿಂದ ಬ್ಯಾಂಕಿನಲ್ಲಿ ಸಲ್ಲುವಂತಾದದ್ದು ಆ ದಿನದ ಕೆಲಸಗಳಲ್ಲೆಲ್ಲ ನನಗೆ ಮುಖ್ಯವಾಗಿ ಕಂಡಿತು. ನಾಮನಿರ್ದೇಶನವನ್ನೂ ಅದೇ ದಿನ ಮಾಡಿಬಿಡಬೇಕು. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಲು ಅವಕಾಶವಾಗಿದೆ.

ಮರಳಿ ಬರುವವರಿಗೆ ನಾನು ಹೇಳಬಹುದಾದದ್ದು ಇಷ್ಟು. ಹೊರಡುವ ಮೊದಲೇ ಪ್ಯಾನ್, ಆಧಾರ್, ಪಾಸ್‌ಪೋರ್ಟುಗಳಲ್ಲಿ ಹೆಸರಿನ ಅಕ್ಷರಗಳೂ ವಿಳಾಸವೂ ಒಂದಕ್ಕೊಂದು ಹೊಂದುತ್ತವೆಯೇ ನೋಡಿಕೊಳ್ಳಿ. ಊರಿನ ದೂರವಾಣಿ ಸಂಖ್ಯೆಯೊಂದನ್ನು ಮೊದಲು ಪಡೆಯಿರಿ. ಈಗ ಬ್ಯಾಂಕಿನ ಮಾತೆಲ್ಲ ಅದರ ಮೂಲಕವೇ. ನೀವು ಬಂದ ದಿನಾಂಕವನ್ನೂ ಉದ್ದೇಶವನ್ನೂ ಬರಹದಲ್ಲಿ ತಿಳಿಸಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ತೆರಿಗೆಯ ಲೆಕ್ಕಕ್ಕೆ ಬಲ್ಲವರ ಸಲಹೆ ಪಡೆಯಿರಿ. ಊರಿನಲ್ಲೇ ಉಳಿದ ನಮ್ಮಂಥವರಿಗೂ ಒಂದು ಕರ್ತವ್ಯವಿದೆ. ಬಂದವನನ್ನು ಎಷ್ಟು ತಂದೆ ಎಂದು ಕೇಳುವ ಬದಲು ಅರ್ಧ ದಿನ ಬಿಡುವು ಮಾಡಿಕೊಂಡು ಅವನ ಜೊತೆಗೆ ಬ್ಯಾಂಕಿಗೆ ಹೋಗಬೇಕು. ಮತ್ತೆ ಹೋಗುತ್ತೀರಾ ಎಂಬ ಪ್ರಶ್ನೆಗೆ ಅವನು ಉತ್ತರ ಹುಡುಕುತ್ತಿರುವಾಗ, ಪಕ್ಕದ ಕುರ್ಚಿಯಲ್ಲಿ ನಮ್ಮವರೊಬ್ಬರು ಕುಳಿತಿರುವುದು ಒಳ್ಳೆಯದು.